ಸಿಡಿಲು, ಗುರಾಣಿ, ಈಟಿ ಮತ್ತು ನನ್ನ ಮೂರು ತಿದ್ದುಪಡಿಗಳು

ಕನ್ನಡ ಮಾಸ್ತರನಾದವನಿಗೆ ಊರಿನಲ್ಲಿ ಸಂಬಳವಿಲ್ಲದ ಕೆಲಸಗಳು ಬಹಳ. ಹೊನ್ನಾವರದ ಹೈಸ್ಕೂಲಿಗೆ ವರ್ಗವಾಗಿ ಬಂದ ಮೊದಲ ವರ್ಷದಲ್ಲೇ ನಾನು ಲೆಕ್ಕವಿಲ್ಲದಷ್ಟು ಮದುವೆ ಕರೆಯೋಲೆ, ಎರಡು ಮಾನಪತ್ರ ಮತ್ತು ಒಬ್ಬ ದಂತವೈದ್ಯರ ಬೋರ್ಡು ತಿದ್ದಿಕೊಟ್ಟಿದ್ದೆ. ಆ ಬೋರ್ಡಿನಲ್ಲಿ ‘ಹಲ್ಲಿಗಳನ್ನು ನೋವಿಲ್ಲದೆ ಕೀಳಲಾಗುವುದು’ ಎಂದಿತ್ತು. ನಾನು ಆ ದಾರಿಯಲ್ಲಿ ಹಾದುಹೋಗದಿದ್ದರೆ ವೈದ್ಯರ ಗತಿ ಏನಾಗುತ್ತಿತ್ತೋ! ಅಂದಿನಿಂದ ನನ್ನಲ್ಲಿ ಒಂದು ನಂಬಿಕೆ ಬಲವಾಗಿ ಬೇರೂರಿತು. ಯಾರು ಏನೇ ಬರೆದಿರಲಿ, ಅದರಲ್ಲಿ ತಪ್ಪಿರುತ್ತದೆ. ಆ ತಪ್ಪು ನನ್ನ ಕಣ್ಣಿಗೆ ಬೀಳುತ್ತದೆ. ನಾನು ತಿದ್ದಿದ ಮೇಲೆ ಅದು ಸರಿಯಾಗುತ್ತದೆ.

ಈ ಮೂರರಲ್ಲಿ ಮೂರನೆಯದು ಸುಳ್ಳೆಂದು ಹೇಗೆ ಸಾಬೀತಾಯಿತು ಎಂಬುದನ್ನು ಹೇಳುತ್ತೇನೆ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಕುಮಟಾ ಪೇಟೆಯಲ್ಲಿ ಪುಸ್ತಕ, ಪೆನ್ನು, ಆಟದ ಸಾಮಾನು ಮಾರುವ ಶಾನಭಾಗರು ಒಂದು ಭಾನುವಾರ ನಮ್ಮ ಮನೆಗೆ ಬಂದರು. ಅವರ ಕೈಯಲ್ಲಿ ಬಣ್ಣದ ಪೊಟ್ಟಣಗಳಿದ್ದವು. ಮುಂಬೈಯಿಂದ ಹೊಸ ಕಾರ್ಡಿನ ಆಟ ತರಿಸಿದ್ದರಂತೆ. ಒಂದು ಪೊಟ್ಟಣದಲ್ಲಿ ಎಂಟು ಕಾರ್ಡು. ಯಾವ ಕಾರ್ಡು ಬರುತ್ತದೆಂದು ಒಡೆದ ಮೇಲೆಯೇ ಗೊತ್ತಾಗುವುದು. ಬೇಡದ್ದನ್ನು ಗೆಳೆಯರಿಗೆ ಕೊಟ್ಟು ಬೇಕಾದ್ದನ್ನು ಪಡೆದು ಮಕ್ಕಳು ತಮ್ಮ ತಮ್ಮ ಕಟ್ಟು ಬೆಳೆಸಿಕೊಳ್ಳುತ್ತಾರೆ, ಆಮೇಲೆ ಇಬ್ಬಿಬ್ಬರಾಗಿ ಕೂತು ಆಡುತ್ತಾರೆ.

“ಮಕ್ಕಳು ಮುಗಿಬಿದ್ದು ತಕಳ್ತಾ ಇದ್ದಾರೆ ಮಾಸ್ತರೆ. ಆದ್ರೆ ನಿಯಮದ ಚೀಟಿ ಇಂಗ್ಲಿಷಲ್ಲಿ ಅದೆ. ನೀವು ಕನ್ನಡಕ್ಕೆ ಮಾಡಿಕೊಟ್ರೆ ದೊಡ್ಡ ಉಪಕಾರ ಆತದೆ” ಎಂದರು ಶಾನಭಾಗರು.

ಸುಮ್ಮನೆ ಕೇಳಿದ್ದರೂ ನಾನು ಒಪ್ಪುತ್ತಿದ್ದೆ. ಆದರೆ ಒಪ್ಪಲು ಇನ್ನೊಂದು ಕಾರಣವೂ ಇತ್ತು. ನನ್ನ ಮಗಳು ಮೇಧಾ ಆಗ ಏಳನೆಯ ತರಗತಿ. ಹೊನ್ನಾವರಕ್ಕೆ ಬರುವ ಮೊದಲು ನಾವು ಮಾವಳ್ಳಿಯಲ್ಲಿದ್ದೆವು. ಅಲ್ಲಿ ಅವಳಿಗೆ ಬೀದಿ ತುಂಬ ಗೆಳತಿಯರು. ನನ್ನ ವರ್ಗಾವಣೆಯ ಆದೇಶ ಅವರೆಲ್ಲರನ್ನೂ ಒಂದೇ ದಿನದಲ್ಲಿ ಕಿತ್ತುಕೊಂಡಿತು. ಹೊಸ ಶಾಲೆಯಲ್ಲಿ ಅವಳು ಹಾಜರಿ ಕೂಗಿದಾಗ ‘ಎಸ್ ಟೀಚರ್’ ಎನ್ನುವುದು ಬಿಟ್ಟರೆ ದಿನವಿಡೀ ಬಾಯಿ ಬಿಡುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿ ಸುಮಂಗಲಾ, ಮಗು ಹೀಗಾದರೆ ಹೇಗೆ ಎಂದು ದಿನಾ ಚಿಂತೆ ಮಾಡುತ್ತಿದ್ದಳು. ಈ ಕಾರ್ಡು ಬಂದ ಮೇಲೆ ನೋಡಿ, ಮಧ್ಯಾಹ್ನದ ಬಿಡುವಿನಲ್ಲಿ ಯಾರೋ ಒಬ್ಬಳು ಮೇಧಾಳ ಪಕ್ಕ ಕೂತಳು. ಮರುದಿನ ಇಬ್ಬರು ಕೂತರು. ಮನೆಗೆ ಬಂದ ಮೇಲೆ ಊಟದ ಹೊತ್ತಿಗೆ ಒಂದೆರಡು ಮಾತು ತಾನಾಗಿ ಉದುರತೊಡಗಿತು. ಇಂಥ ಪುಣ್ಯದ ಆಟಕ್ಕೆ ಕನ್ನಡದಲ್ಲಿ ನಿಯಮ ಬರೆಯುವುದು ತಂದೆಯಾದವನ ಕರ್ತವ್ಯವಲ್ಲವೇ?

ಆಟ ಹೀಗಿದೆ. ಇಬ್ಬರೂ ತಮ್ಮ ಮುಂದೆ ವೀರರ ಕಾರ್ಡುಗಳನ್ನು ಇಟ್ಟುಕೊಳ್ಳುತ್ತಾರೆ. ಯಾರ ವೀರರೆಲ್ಲ ಸತ್ತರೋ ಅವರು ಸೋತರು. ಸಿಡಿಲಿನ ಕಾರ್ಡು ಹಾಕಿದರೆ ಎದುರಿನವರ ಒಬ್ಬ ವೀರ ಸಾಯುತ್ತಾನೆ. ಆದರೆ ಎದುರಿನವರು ಅದರ ಮೇಲೆ ಗುರಾಣಿಯ ಕಾರ್ಡು ಹಾಕಿ ಅವನನ್ನು ಉಳಿಸಿಕೊಳ್ಳಬಹುದು. ಗುರಾಣಿಯ ಮೇಲೆ ಈಟಿ ಹಾಕಿ ಗುರಾಣಿಯನ್ನು ಮುರಿಯಬಹುದು. ಹೀಗೆ ಒಂದರ ಮೇಲೊಂದು ಕಾರ್ಡು ಬೀಳುತ್ತ ಹೋಗಿ, ಇಬ್ಬರೂ ‘ಸಾಕು’ ಎಂದ ಮೇಲೆ ಅವು ಕೆಲಸ ಶುರು ಮಾಡುತ್ತವೆ. ಯಾವುದು ಮೊದಲು, ಯಾವುದು ಆಮೇಲೆ? ಆಟದ ಜೀವವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ.

ಇಂಗ್ಲಿಷ್ ಚೀಟಿಯಲ್ಲಿ ಇದಕ್ಕೊಂದು ವಾಕ್ಯವಿತ್ತು. ಕೊನೆಗೆ ಹಾಕಿದ ಕಾರ್ಡು ಮೊದಲು ಕೆಲಸ ಮಾಡುತ್ತದೆ, ಮೊದಲು ಹಾಕಿದ್ದು ಕೊನೆಗೆ.

ನಾನು ಓದಿ ನಕ್ಕೆ. ಮುದ್ರಾರಾಕ್ಷಸನ ಹಾವಳಿ ಇಂಗ್ಲಿಷಿನವರನ್ನೂ ಬಿಟ್ಟಿಲ್ಲವಲ್ಲ! ಕೊನೆಗೆ ಬಂದವನಿಗೆ ಮೊದಲು ಬಡಿಸುವ ಪಂಕ್ತಿ ಎಲ್ಲಿಯಾದರೂ ಉಂಟೇ? ಪಾಪ, ಅಚ್ಚುಮೊಳೆ ಜೋಡಿಸುವವನು ನಿದ್ದೆಗಣ್ಣಿನಲ್ಲಿ ಮೊದಲು, ಕೊನೆ ಅದಲು ಬದಲು ಮಾಡಿದ್ದಾನೆ ಎಂದುಕೊಂಡು ದೊಡ್ಡ ಮನಸ್ಸಿನಿಂದ ಕ್ಷಮಿಸಿದೆ. ಕ್ಷಮಿಸಿ, ತಿದ್ದಿದೆ. ‘ಪ್ರಥಮತಃ ಪ್ರಯೋಗಿಸಲ್ಪಟ್ಟ ಪತ್ರವೇ ಪ್ರಥಮತಃ ಫಲ ನೀಡತಕ್ಕದ್ದು’ ಎಂದು ಬರೆದೆ. ಆರು ಪದಗಳಲ್ಲಿ ನಾಲ್ಕು ‘ಪ್ರ’ ಅಥವಾ ‘ಪ’ದಿಂದ ಆರಂಭವಾಗುವ ಆ ವಾಕ್ಯವನ್ನು ನಾನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಕಾರ್ಡಿಗೆ ‘ಪತ್ರ’ ಎಂದಿದ್ದೂ ನನಗೆ ಬಹಳ ಹಿಡಿಸಿತು. ಮುಂದೆ ಒಬ್ಬ ಹುಡುಗ ಶಾನಭಾಗರ ಅಂಗಡಿಗೆ ಬಂದು, ಆಟ ಆಡುವ ಮೊದಲು ಎದುರಿನವನಿಗೆ ಅಂಚೆಯಲ್ಲಿ ಪತ್ರ ಹಾಕಬೇಕೋ ಎಂದು ಕೇಳಿದನಂತೆ. ಅದು ಆ ಹುಡುಗನ ಓದಿನ ದೋಷ ಎಂದು ನಾನು ಆಗ ತೀರ್ಮಾನಿಸಿದ್ದೆ.

ಶಾನಭಾಗರು ಇಂಗ್ಲಿಷ್ ಚೀಟಿಗಳನ್ನು ತೆಗೆದು, ನನ್ನದನ್ನು ಅಚ್ಚು ಹಾಕಿಸಿ, ಪ್ರತಿ ಪೊಟ್ಟಣದ ಜೊತೆ ಕೊಡತೊಡಗಿದರು. ಕೆಳಗೆ ನನ್ನ ಹೆಸರೂ ಇತ್ತು.

ಹದಿನೈದು ದಿನಕ್ಕೆ ಅವರ ಫೋನು ಬಂತು. ಕುಮಟಾದ ಮಕ್ಕಳು ಗುರಾಣಿಯ ಕಾರ್ಡನ್ನು ವಾಪಸ್ ತರುತ್ತಿದ್ದಾರೆ, ಅದರಿಂದ ಏನೂ ಉಪಯೋಗವಿಲ್ಲ ಎನ್ನುತ್ತಿದ್ದಾರೆ ಎಂದರು. ಯೋಚಿಸಿ ನೋಡಿದೆ. ಹೌದು, ಸಿಡಿಲು ಮೊದಲು ಹಾಕಿದ್ದು, ಆದ್ದರಿಂದ ಅದು ಮೊದಲು ಬೀಳುತ್ತದೆ, ವೀರ ಸಾಯುತ್ತಾನೆ, ಆಮೇಲೆ ಗುರಾಣಿ ಬಂದು ಹೆಣದ ಪಕ್ಕ ನಿಲ್ಲುತ್ತದೆ. ಒಬ್ಬ ಹುಡುಗನಂತೂ ಆರು ಗುರಾಣಿ ಕೊಟ್ಟು ಒಂದು ಆಮೆಯ ಕಾರ್ಡು ತೆಗೆದುಕೊಂಡಿದ್ದನಂತೆ.

ಆಗಲಾದರೂ ಇಂಗ್ಲಿಷ್ ಚೀಟಿಯನ್ನು ಇನ್ನೊಮ್ಮೆ ನೋಡಬಹುದಿತ್ತು. ಮೇಧಾ ಬೇರೆ ಹತ್ತಿರ ಬಂದು ನನ್ನ ಚೀಟಿಯ ಮೇಲೆ ಬೆರಳಿಟ್ಟು, “ಅಪ್ಪ, ಇದು ಹಿಂಗಲ್ಲ” ಎಂದಳು. ನಾನು ಕನ್ನಡಕ ಏರಿಸಿ, ಯಾವ ವಿಭಕ್ತಿ ತಪ್ಪಿದೆ ತೋರಿಸು ಎಂದೆ. ವಿಭಕ್ತಿ ಯಾವುದೂ ತಪ್ಪಿರಲಿಲ್ಲ. ಅವಳು ಸುಮ್ಮನಾದಳು. ಮೂರು ತಿಂಗಳ ಮೇಲೆ ಬಾಯಿ ಬಿಟ್ಟ ಮಗುವನ್ನು ಒಂದು ಪ್ರಶ್ನೆಯಲ್ಲಿ ಸುಮ್ಮನಾಗಿಸಿದ ಕೀರ್ತಿ ನನ್ನದು. ಅದು ನನ್ನ ಗಮನಕ್ಕೆ ಆಗ ಬರಲಿಲ್ಲ. ನಾನು ತಿದ್ದುಪಡಿ ಬರೆಯುವುದರಲ್ಲಿ ಮಗ್ನನಾಗಿದ್ದೆ.

ಮೊದಲನೆಯ ತಿದ್ದುಪಡಿ, ಹಳದಿ ಕಾಗದ: ಗುರಾಣಿಯು ಸಿಡಿಲಿಗಿಂತ ಮೊದಲು ಫಲ ನೀಡತಕ್ಕದ್ದು.

ವಾರ ಕಳೆಯುವುದರೊಳಗೆ ಈಟಿಯವರು ದೂರು ತಂದರು. ಗುರಾಣಿಯದು ಯಾವಾಗಲೂ ಮೊದಲೇ ಆಗಿಹೋದರೆ ಈಟಿ ಯಾವುದನ್ನು ಮುರಿಯಬೇಕು? ನ್ಯಾಯವಾದ ಮಾತು. ಎರಡನೆಯ ತಿದ್ದುಪಡಿ, ಗುಲಾಬಿ ಕಾಗದ: ಈಟಿಯು ಗುರಾಣಿಗಿಂತ ಮೊದಲು ಫಲ ನೀಡತಕ್ಕದ್ದು.

ಮತ್ತೆ ನಾಲ್ಕು ದಿನಕ್ಕೆ ಯಾರೋ ಒಬ್ಬ ಚುರುಕು ವಿದ್ಯಾರ್ಥಿ ಕೇಳಿದ: ವೀರನಿಗೆ ಸಿಡಿಲು ಬಡಿದರೆ ಅವನ ಕೈಯಲ್ಲಿರುವ ಈಟಿಯ ಕತೆ ಏನು? ಸತ್ತವನು ಈಟಿ ಎಸೆಯುವುದು ಶಾಸ್ತ್ರಸಮ್ಮತವಲ್ಲ ಎಂದು ನನಗೆ ಅನ್ನಿಸಿತು. ಮೂರನೆಯ ತಿದ್ದುಪಡಿ, ನೀಲಿ ಕಾಗದ: ಸಿಡಿಲು ಈಟಿಗಿಂತ ಮೊದಲು ಫಲ ನೀಡತಕ್ಕದ್ದು.

ಬಿಡಿಬಿಡಿಯಾಗಿ ನೋಡಿದರೆ ಮೂರೂ ಮುತ್ತಿನಂಥ ನಿಯಮಗಳು. ಮೂರನ್ನೂ ಒಟ್ಟಿಗೆ ಓದುವ ತೊಂದರೆಯನ್ನು ಭೂಮಿಯ ಮೇಲೆ ಯಾರೂ ತೆಗೆದುಕೊಂಡಿರಲಿಲ್ಲ. ನಾನಂತೂ ಖಂಡಿತ ತೆಗೆದುಕೊಂಡಿರಲಿಲ್ಲ.

ದಸರಾ ರಜೆಯಲ್ಲಿ ಶಾನಭಾಗರು ತಮ್ಮ ಅಂಗಡಿಯ ಮೇಲಿನ ಹಾಲಿನಲ್ಲಿ ಪಂದ್ಯ ಇಟ್ಟುಕೊಂಡರು. ಕುಮಟಾ, ಹೊನ್ನಾವರ, ಭಟ್ಕಳದಿಂದ ಮಕ್ಕಳು ಬಂದಿದ್ದರು. ಗೆದ್ದವರಿಗೆ ಒಂದು ಕಪ್ಪು, ಜೊತೆಗೆ ಇಡೀ ಪೆಟ್ಟಿಗೆಯಲ್ಲಿ ಒಂದೇ ಒಂದು ಬರುವ ಹೊಳೆಯುವ ಗರುಡನ ಕಾರ್ಡು. ಆ ಗರುಡ ಮೇಧಾಳ ಕನಸಿನಲ್ಲಿ ಬರುತ್ತಿತ್ತು. ತೀರ್ಪುಗಾರ ಯಾರು? ನಿಯಮ ಬರೆದವರೇ ಇರುವಾಗ ಬೇರೆಯವರೇಕೆ?

ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿನಲ್ಲಿ ಮೂರು ಬಣ್ಣದ ಚೀಟಿ ಇಟ್ಟುಕೊಂಡು, ಕೊರಳಿಗೆ ಶಾಲೆಯ ಪೀಪಿ ತಗಲಿಸಿಕೊಂಡು ಕುರ್ಚಿಯಲ್ಲಿ ಕೂತೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತೇ ಇದ್ದೆ. ಎಂಟು ಕಡೆ ಆಟ ನಡೆಯುತ್ತಿತ್ತು. ಒಬ್ಬರೂ ನನ್ನನ್ನು ಕರೆಯಲಿಲ್ಲ! ಎಲ್ಲೋ ಒಂದು ಕಡೆ ಗಲಾಟೆ ಶುರುವಾಯಿತೆಂದು ನಾನು ಆಸೆಯಿಂದ ಏಳುವಷ್ಟರಲ್ಲಿ ಅವರವರೇ ಬಗೆಹರಿಸಿಕೊಂಡು ಮುಂದೆ ಹೋಗುತ್ತಿದ್ದರು. ಒಂದು ಸಲ ಒಬ್ಬ ಹುಡುಗಿ ನೇರ ನನ್ನ ಕಡೆ ಬಂದಳು. ನಾನು ಚೀಟಿ ತೆಗೆದೆ. ಕುಡಿಯುವ ನೀರು ಎಲ್ಲಿದೆ ಎಂದು ಕೇಳಿದಳು.

ಹಾಗೆ ನಡೆದು ಫೈನಲ್ಲಿಗೆ ಉಳಿದವರು ಇಬ್ಬರು. ಒಬ್ಬಳು ನನ್ನ ಮಗಳು ಮೇಧಾ. ಇನ್ನೊಬ್ಬಳು ಭಟ್ಕಳದ ಸುಮಯ್ಯಾ. ಮೇಧಾಳದೇ ವಯಸ್ಸು, ತಲೆಗೆ ಬಿಳಿಯ ದುಪಟ್ಟಾ, ಕಾರ್ಡು ಹಿಡಿದರೆ ಕಣ್ಣು ಮಿಟುಕಿಸದ ಹುಡುಗಿ. ಅವಳ ಜೊತೆ ಅವಳ ಅಜ್ಜಿ ಬಂದಿದ್ದರು. ಶಾನಭಾಗರ ಕೊಂಕಣಿಗೂ ಆ ಅಜ್ಜಿಯ ಭಟ್ಕಳದ ನವಾಯತಿ ಮಾತಿಗೂ ಎಷ್ಟು ಹೊಂದಿಕೆಯಾಯಿತೆಂದರೆ ಅವರಿಬ್ಬರೂ ಬೆಳಗಿನಿಂದ ಬಂಗಡೆ ಮೀನಿನ ಬೆಲೆ, ಮೊಣಕಾಲು ನೋವು ಎರಡನ್ನೂ ಮಾತಾಡಿ ಮುಗಿಸಿದ್ದರು. ಸುಮಂಗಲಾ ಕೂಡ ಮೊಣಕಾಲಿನ ಭಾಗಕ್ಕೆ ಸೇರಿಕೊಂಡಿದ್ದಳು.

ಉಳಿದ ಮಕ್ಕಳೆಲ್ಲ ಮೇಜಿನ ಸುತ್ತ ಕಿಕ್ಕಿರಿದರು. ಆಟ ಬಹಳ ಹೊತ್ತು ನಡೆಯಿತು. ಕೊನೆಗೆ ಮೇಧಾಳ ಮುಂದೆ ಒಬ್ಬನೇ ವೀರ ಉಳಿದ. ಸುಮಯ್ಯಾ ಸಿಡಿಲು ಹಾಕಿದಳು. ಮೇಧಾ ಅದರ ಮೇಲೆ ಗುರಾಣಿ ಹಾಕಿದಳು. ಸುಮಯ್ಯಾ ಗುರಾಣಿಯ ಮೇಲೆ ಈಟಿ ಹಾಕಿದಳು. ಮೇಧಾ ತನ್ನ ಕೈಯಲ್ಲಿದ್ದ ಕಾರ್ಡುಗಳನ್ನು ನೋಡುತ್ತ ಏನೋ ಯೋಚಿಸುತ್ತಿದ್ದಳು. ಇಬ್ಬರ ಮುಖದಲ್ಲೂ ಗೊಂದಲವೇನೂ ಇರಲಿಲ್ಲ.

ಗೊಂದಲ ಇದ್ದದ್ದು ನನ್ನ ಮನಸ್ಸಿನಲ್ಲಿ. ಪಂದ್ಯ ಮುಗಿಯುತ್ತ ಬಂತು, ನಾನಿನ್ನೂ ಒಂದೂ ತೀರ್ಪು ಕೊಟ್ಟಿಲ್ಲ! ಪೀಪಿ ಊದಿಬಿಟ್ಟೆ. ಮೇಜಿನ ಸುತ್ತ ಇದ್ದವರೆಲ್ಲ ಬೆಚ್ಚಿಬಿದ್ದರು.

“ಈಗ ಮೂರು ಪತ್ರಗಳ ನಡುವೆ ಕಾಲಕ್ರಮದ ಪ್ರಶ್ನೆ ಉದ್ಭವಿಸಿದೆ. ನಿಯಮದ ಪ್ರಕಾರ ನಾನು ತೀರ್ಮಾನ ಹೇಳುತ್ತೇನೆ” ಎಂದೆ.

ಹಳದಿ ಚೀಟಿ ತೆಗೆದು ಓದಿದೆ. ಗುರಾಣಿ ಸಿಡಿಲಿಗಿಂತ ಮೊದಲು. ಹಾಗಾದರೆ ಮೇಧಾಳ ವೀರ ಬದುಕಿದ. ಹೊನ್ನಾವರದ ಮಕ್ಕಳು ಚಪ್ಪಾಳೆ ಹೊಡೆದರು. ಗುಲಾಬಿ ಚೀಟಿ ಓದಿದೆ. ಈಟಿ ಗುರಾಣಿಗಿಂತ ಮೊದಲು. ಹಾಗಾದರೆ ಗುರಾಣಿ ಮುರಿಯಿತು, ವೀರ ಸತ್ತ. ಭಟ್ಕಳದ ಮಕ್ಕಳು ಚಪ್ಪಾಳೆ ಹೊಡೆದರು. ನೀಲಿ ಚೀಟಿ ಓದಿದೆ. ಸಿಡಿಲು ಈಟಿಗಿಂತ ಮೊದಲು. ಹಾಗಾದರೆ ಈಟಿ ಬರುವ ಮೊದಲೇ ಸಿಡಿಲು ಬೀಳಬೇಕು, ಆದರೆ ಸಿಡಿಲಿಗಿಂತ ಗುರಾಣಿ ಮೊದಲು, ವೀರ ಮತ್ತೆ ಬದುಕಿದ. ಆದರೆ ಗುರಾಣಿಗಿಂತ ಈಟಿ ಮೊದಲಲ್ಲವೇ, ವೀರ ಮತ್ತೆ ಸತ್ತ. ಆದರೆ ಈಟಿಗಿಂತ ಸಿಡಿಲು...

ಗಾಣದ ಎತ್ತಿನಂತೆ ನಾನು ಮೂರು ಸುತ್ತು ಹಾಕಿದೆ. ಆ ಬಡಪಾಯಿ ವೀರ ನನ್ನ ಬಾಯಲ್ಲಿ ಮೂರು ಸಲ ಸತ್ತು ಮೂರು ಸಲ ಎದ್ದ. ಮೊದಲು ಚಪ್ಪಾಳೆ ನಿಂತಿತು, ಆಮೇಲೆ ನಗು ಶುರುವಾಯಿತು. ಮೇಧಾ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ಮೇಜಿನ ಅಂಚನ್ನು ನೋಡುತ್ತಿದ್ದಳು. ಹೊಸ ಶಾಲೆಯ ಮೊದಲ ದಿನ ಅವಳು ಹೀಗೆಯೇ ಕೂತಿದ್ದಳು. ಚಾ ಕುಡಿದು ಬಂದು ತೀರ್ಪು ಹೇಳುತ್ತೇನೆ, ಅಲ್ಲಿಯವರೆಗೆ ಯಾರೂ ಕಾರ್ಡು ಮುಟ್ಟಬಾರದು ಎಂದು ಘೋಷಿಸಿ ಕೆಳಗೆ ಇಳಿದೆ.

ಅಂಗಡಿಯಲ್ಲಿ ಶಾನಭಾಗರ ಹತ್ತಿರ ಮೂಲ ಇಂಗ್ಲಿಷ್ ಚೀಟಿ ಇದೆಯೇ ಎಂದು ಕೇಳಿದೆ. ಅವರು ಡ್ರಾಯರಿನ ಅಡಿಯಿಂದ ಒಂದು ಮುದುಡಿದ್ದನ್ನು ತೆಗೆದುಕೊಟ್ಟರು. ಕೊನೆಗೆ ಹಾಕಿದ್ದು ಮೊದಲು, ಮೊದಲು ಹಾಕಿದ್ದು ಕೊನೆಗೆ. ಈ ಸಲ ನಗು ಬರಲಿಲ್ಲ. ಈ ಒಂದು ಸಾಲಿನಂತೆ ನಡೆದರೆ ಯಾವ ಬಣ್ಣದ ಚೀಟಿಯೂ ಬೇಕಿರಲಿಲ್ಲ. ಮೇಲಿನದನ್ನು ಮೊದಲು ಎತ್ತು, ಆಮೇಲೆ ಅದರ ಕೆಳಗಿನದು. ಈಟಿ ಗುರಾಣಿಯನ್ನು ಮುರಿಯುತ್ತದೆ, ಸಿಡಿಲು ಬೀಳುತ್ತದೆ, ಮುಗಿಯಿತು. ಇಡೀ ಆಟದ ತಳಪಾಯವನ್ನೇ ನಾನು ಮುದ್ರಣದೋಷ ಎಂದು ಕಿತ್ತು ಎಸೆದಿದ್ದೆ. ಜೊತೆಗೆ ಇನ್ನೊಂದು ವಿಷಯವೂ ತಿಳಿಯಿತು. ಸರಿಯಾದ ನಿಯಮದಂತೆ ಮೇಧಾ ಸೋತಳು.

ಸುಮಂಗಲಾ ನನ್ನ ಹಿಂದೆಯೇ ಬಂದಿದ್ದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಹಳದಿ ಚೀಟಿಯೊಂದನ್ನೇ ಹಿಡಿದುಕೊಂಡರೆ ಮೇಧಾ ಉಳಿಯುತ್ತಾಳೆ, ಅಚ್ಚಾದ ನಿಯಮ ಎಂದರೆ ಯಾರೂ ಕೇಳುವುದಿಲ್ಲ, ಮಗು ಆ ಗರುಡನನ್ನು ಎಷ್ಟು ಆಸೆಪಟ್ಟಿದೆ ಎಂದೂ ಹೇಳಿದೆ.

ಅವಳು ಚಾದ ಲೋಟ ಕೆಳಗಿಟ್ಟಳು. “ಸೋತ್ರೆ ಮಗು ಒಂದು ದಿನ ಅಳ್ತದೆ. ನೀವು ಸುಳ್ಳು ಹೇಳಿ ಗೆಲ್ಸಿದ್ದು ಅಂತ ಗೊತ್ತಾದ್ರೆ, ಈಗ ಮಾತಾಡೂಕೆ ಶುರು ಮಾಡಿದ್ದು ಮತ್ತೆ ನಿಲ್ಸ್ತದೆ. ಹೋಗಿ ಹೇಳಿಬಿಡಿ.”

“ಎಲ್ಲರ ಮುಂದೆ ಹೇಳಬೇಕಾ?”

“ಎಲ್ಲರ ಮುಂದೆ ಅಲ್ದಾ ಪೀಪಿ ಊದಿದ್ದು?”

ಮೆಟ್ಟಿಲು ಹತ್ತುವಾಗ ಒಂದು ಭಾಷಣ ಸಿದ್ಧ ಮಾಡಿಕೊಂಡೆ. ಹಾಲಿನ ನಡುವೆ ನಿಂತು ಕೊರಳಿನ ಪೀಪಿ ತೆಗೆದು ಮೇಜಿನ ಮೇಲಿಟ್ಟೆ. ಮೂಲ ನಿಯಮ ಸರಿಯಾಗಿತ್ತು, ಅದನ್ನು ತಪ್ಪೆಂದು ತಿಳಿದು ತಿದ್ದಿದವನು ನಾನು, ಆ ತಪ್ಪನ್ನು ಮುಚ್ಚಲು ಮೂರು ಚೀಟಿ ಹಚ್ಚಿದವನೂ ನಾನು ಎಂದು ಒಪ್ಪಿಕೊಂಡೆ. ನನ್ನ ಮಗಳು ಎರಡು ತಿಂಗಳ ಹಿಂದೆಯೇ ಇದನ್ನು ಹೇಳಲು ಬಂದಿದ್ದಳು, ನಾನು ಕೇಳಿಸಿಕೊಳ್ಳಲಿಲ್ಲ ಎಂದಾಗ ಮೇಧಾ ತಲೆ ಎತ್ತಿದಳು. ತಂದೆಯ ವಾತ್ಸಲ್ಯ ಒಂದು ಕಡೆ, ನ್ಯಾಯ ಇನ್ನೊಂದು ಕಡೆ! ಹಳೆಯ ಕಾಲದ ರಾಜರು ಇಂಥ ಹೊತ್ತಿನಲ್ಲಿ ಹೇಗೆ ನಿಲ್ಲುತ್ತಿದ್ದರೋ ಹಾಗೆಯೇ ನಿಂತು, ನನ್ನ ಮಗಳು ಸೋತಿದ್ದಾಳೆ, ಭಟ್ಕಳದ ಸುಮಯ್ಯಾ ಗೆದ್ದಿದ್ದಾಳೆ ಎಂದು ನಡುಗುವ ದನಿಯಲ್ಲಿ ಸಾರಿದೆ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಸುಮಯ್ಯಾ ಮೆಲ್ಲಗೆ ಕೈ ಎತ್ತಿದಳು.

“ಸರ್, ನಾವು ಇನ್ನೂ ಸಾಕು ಅಂದಿಲ್ಲ.”

ನನಗೆ ಅರ್ಥವಾಗಲಿಲ್ಲ. ಮೇಧಾ ಅರ್ಥ ಮಾಡಿಸಿದಳು. “ಅಪ್ಪ, ನಂದು ಇನ್ನೊಂದು ಕಾರ್ಡು ಹಾಕೂಕೆ ಇತ್ತು. ಅಷ್ಟರಲ್ಲಿ ನೀನು ಪೀಪಿ ಊದಿದೆ.”

ಅಷ್ಟು ಹೇಳಿ ಅವಳು ಈಟಿಯ ಮೇಲೆ ಒಂದು ಕನ್ನಡಿಯ ಕಾರ್ಡು ಇಟ್ಟಳು. ಅದು ತನ್ನ ಕೆಳಗಿರುವ ಕಾರ್ಡನ್ನು ರದ್ದು ಮಾಡುತ್ತದಂತೆ. ಇಬ್ಬರೂ ‘ಸಾಕು’ ಎಂದರು. ಮೇಲಿನಿಂದ ಒಂದೊಂದಾಗಿ ಎತ್ತಿದರು. ಕನ್ನಡಿ ಈಟಿಯನ್ನು ಅಳಿಸಿತು, ಗುರಾಣಿ ನಿಂತಿತು, ಸಿಡಿಲು ವ್ಯರ್ಥವಾಯಿತು, ವೀರ ಬದುಕಿದ. ಇದೆಲ್ಲ ನಡೆಯಲು ನಾನು ಮೂಗು ಒರೆಸಿಕೊಂಡಷ್ಟು ಹೊತ್ತು ಹಿಡಿಯಿತು. ಯಾವ ತ್ಯಾಗಕ್ಕಾಗಿ ನನ್ನ ದನಿ ನಡುಗಿತ್ತೋ ಆ ತ್ಯಾಗದ ಅಗತ್ಯ ಆಟಕ್ಕೆ ಇರಲೇ ಇಲ್ಲ.

ಮೊದಲಿನಿಂದಲೂ ಮಕ್ಕಳೆಲ್ಲ ಇದೇ ನಿಯಮದಂತೆ ಆಡುತ್ತಿದ್ದರೆಂದು ಆಮೇಲೆ ತಿಳಿಯಿತು. ಒಬ್ಬರಿಂದ ಒಬ್ಬರು ನೋಡಿ ಕಲಿತಿದ್ದರು. ನನ್ನ ಚೀಟಿ ಓದಿದ ಕುಮಟಾದ ನಾಲ್ಕೈದು ಮಕ್ಕಳು ಮಾತ್ರ ಕಷ್ಟಕ್ಕೆ ಸಿಕ್ಕಿಕೊಂಡಿದ್ದು. ಅವರಿಗೂ ಬೇಗನೆ ಗುಣವಾಯಿತಂತೆ.

ಆಟ ಮತ್ತೆ ಇಪ್ಪತ್ತು ನಿಮಿಷ ನಡೆಯಿತು. ನಾನು ಮಕ್ಕಳ ಹಿಂದೆ ತುದಿಗಾಲಿನಲ್ಲಿ ನಿಂತು ನೋಡಿದೆ, ಒಂದು ಅಕ್ಷರವೂ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ನನ್ನನ್ನು ನೋಡುತ್ತ ಶಾನಭಾಗರಿಗೆ ಏನೋ ಹೇಳಿದರು, ಇಬ್ಬರೂ ನಕ್ಕರು. ಕೇಳಿದ್ದಕ್ಕೆ ಶಾನಭಾಗರು ಸಂಕೋಚದಿಂದ ಕನ್ನಡಕ್ಕೆ ಮಾಡಿಕೊಟ್ಟರು. “ಮಾಸ್ತರು ಬಹಳ ಒಳ್ಳೆಯವರು, ತಪ್ಪು ಒಪ್ಕಂಡ್ರು ಅಂತಾರೆ. ಆದ್ರೆ ಅಡುಗೆ ಮಾಡೂದು ಹೇಗೆ ಅಂತ ಮಾತ್ರ ಇವರ ಹತ್ರ ಬರೆಸಬೇಡಿ, ಉಂಡಾದ ಮೇಲೆ ಅಕ್ಕಿ ತೊಳೀರಿ ಅಂತ ಬರೀತಾರೆ ಅಂದ್ರು.”

ಈ ಅನುವಾದದಲ್ಲಿ ಮಾತ್ರ ಒಂದು ತಪ್ಪೂ ಇರಲಿಲ್ಲ.

ಕೊನೆಗೆ ಸುಮಯ್ಯಾ ಗೆದ್ದಳು. ಒಬ್ಬನೇ ಒಬ್ಬ ವೀರನ ಅಂತರ. ನಾನು ಕರವಸ್ತ್ರ ಕೈಯಲ್ಲಿ ಹಿಡಿದು ಮೇಧಾಳ ಬಳಿ ಹೋದೆ. ಅವಳಿಗೆ ಅಳಲು ಪುರಸೊತ್ತು ಇರಲಿಲ್ಲ. ಎರಡು ಸರದಿಯ ಹಿಂದೆ ಆಮೆಯ ಬದಲು ಹಾವು ಹಾಕಿದ್ದರೆ ಏನಾಗುತ್ತಿತ್ತು ಎಂದು ಸುಮಯ್ಯಾಳ ಹತ್ತಿರ ವಾದ ಮಾಡುತ್ತಿದ್ದಳು. ಇಬ್ಬರೂ ಕಾರ್ಡು ಹಿಂದಕ್ಕೆ ಜೋಡಿಸಿ ಮತ್ತೊಮ್ಮೆ ಆಡಿ ನೋಡಿದರು. ಹೊಳೆಯುವ ಗರುಡನನ್ನು ಸುಮಯ್ಯಾ ತಾನಾಗಿಯೇ ಮೇಧಾಳ ಅಂಗೈಯಲ್ಲಿಟ್ಟು, ಬೇಕಾದಷ್ಟು ಹೊತ್ತು ನೋಡು ಎಂದಳು.

ಸಂಜೆ ನಾಲ್ಕೂವರೆಯ ಭಟ್ಕಳ ಬಸ್ಸಿಗೆ ಎಲ್ಲರೂ ಒಟ್ಟಿಗೆ ಹತ್ತಿದೆವು. ನಮಗೆ ಹೊನ್ನಾವರದಲ್ಲಿ ಇಳಿಯುವುದಿತ್ತು, ಅವರಿಗೆ ಕೊನೆಯವರೆಗೆ. ಹುಡುಗಿಯರಿಬ್ಬರು ಒಂದು ಸೀಟು ಹಿಡಿದರು. ಅಜ್ಜಿ ಮತ್ತು ಸುಮಂಗಲಾ ಅದರ ಹಿಂದಿನದು. ನನಗೆ ಕಂಬ ಸಿಕ್ಕಿತು. ಹಾಲಿನಿಂದ ಹೊರಡುವಾಗ ಶಾನಭಾಗರು, ನಿಯಮದ ಚೀಟಿ ಹೊಸದಾಗಿ ಅಚ್ಚು ಹಾಕಿಸಬೇಕು ಎಂದಿದ್ದರು. ಅದನ್ನು ಹೇಳುವಾಗ ಅವರು ನೋಡಿದ್ದು ನನ್ನ ಕಡೆ ಅಲ್ಲ, ಆ ಇಬ್ಬರ ಕಡೆ.

ಬಸ್ಸಿನಲ್ಲಿ ಅವರು ಅದನ್ನೇ ಬರೆಯುತ್ತಿದ್ದರು. ಬರೆಯಲು ಕಾಗದ ಬೇಕಲ್ಲ, ನನ್ನ ಅಚ್ಚಾದ ಚೀಟಿಯ ಹಿಂಬದಿ ಖಾಲಿ ಇತ್ತು. ಸುಮಯ್ಯಾ ಹೇಳುವಳು, ಮೇಧಾ ಬರೆಯುವಳು. ಆಮೇಲೆ ಮೇಧಾ ಹೇಳುವಳು, ಸುಮಯ್ಯಾ ಬೇಡ ಎನ್ನುವಳು. ಮಾವಳ್ಳಿ ಬಿಟ್ಟ ಮೇಲೆ ಮೇಧಾ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹಳದೀಪುರ ದಾಟುವ ಹೊತ್ತಿಗೆ ಸುಮಂಗಲಾ ನನ್ನ ಕಡೆ ತಿರುಗಿ ಕಣ್ಣಿನಲ್ಲೇ ಅವಳನ್ನು ತೋರಿಸಿದಳು. ಮುಂದಿನ ಭಾನುವಾರ ಭಟ್ಕಳಕ್ಕೆ ಕರೆದುಕೊಂಡು ಹೋಗುವುದೆಂದು ಹೆಂಗಸರ ಸೀಟಿನಲ್ಲಿ ಆಗಲೇ ನಿಶ್ಚಯವಾಗಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ.

ಕರ್ಕಿ ಹತ್ತಿರ ಬಂದಾಗ ಮೇಧಾ ಕಾಗದವನ್ನು ನನ್ನ ಕಡೆ ಚಾಚಿದಳು. “ಅಪ್ಪ, ಒಂದ್ಸಲ ನೋಡು. ಅಕ್ಷರ ಮಾತ್ರ ನೋಡು. ಅರ್ಥ ಮುಟ್ಟೂಕೆ ಹೋಗಬೇಡ.”

ಒಂದು ಕೈಯಲ್ಲಿ ಕಂಬ, ಇನ್ನೊಂದು ಕೈಯಲ್ಲಿ ಕಾಗದ ಹಿಡಿದು ಓದಿದೆ. ಎಂಟೇ ಸಾಲು. ‘ಕಾರ್ಡಿನ ಮೇಲೆ ಕಾರ್ಡು ಹಾಕುತ್ತ ಹೋಗಿ. ಇಬ್ಬರೂ ಸಾಕು ಅನ್ನುವವರೆಗೆ ಯಾರೂ ಮುಟ್ಟಬೇಡಿ. ಆಮೇಲೆ ಮೇಲಿನದು ಮೊದಲು ತೆಗೆಯಿರಿ.’ ಹೀಗೆ ಸಾಗಿತ್ತು. ‘ಪ್ರಥಮತಃ’ ಇರಲಿಲ್ಲ, ‘ತಕ್ಕದ್ದು’ ಇರಲಿಲ್ಲ. ಓದಿದ ಕೂಡಲೇ ನನಗೂ ಆಟ ಆಡಲು ಬರುತ್ತದೆ ಅನ್ನಿಸಿತು. ಅಕ್ಷರ ಒಂದೂ ತಪ್ಪಿರಲಿಲ್ಲ. ಆದರೂ ಇಪ್ಪತ್ತೆರಡು ವರ್ಷ ಕೆಂಪು ಶಾಯಿಯ ಪೆನ್ನು ಹಿಡಿದ ಕೈ, ಏನೂ ಮಾಡದೆ ಹಿಂದಕ್ಕೆ ಕೊಡಲು ಒಪ್ಪಲಿಲ್ಲ. ಬಸ್ಸು ಸ್ವಲ್ಪ ನಿಧಾನವಾದಾಗ ಕಂಬ ಬಿಟ್ಟು, ಅವರ ‘ಆಮೇಲೆ’ಯ ಮುಂದೆ ಒಂದು ಸಣ್ಣ ಅಲ್ಪವಿರಾಮ ಹಾಕಿ ಕೊಟ್ಟೆ.

ಇಬ್ಬರೂ ತಲೆ ಕೂಡಿಸಿ ಆ ಚುಕ್ಕೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸುಮಯ್ಯಾ ನನ್ನ ಕಡೆ ತಿರುಗಿ ವಿನಯದಿಂದ ಕೇಳಿದಳು.

“ಸರ್, ಇಲ್ಲಿ ಎಷ್ಟು ಹೊತ್ತು ಕಾಯಬೇಕು?”

ಕಾಗದ ಹಿಂದಕ್ಕೆ ಇಸಿದುಕೊಂಡು ಆ ಚುಕ್ಕೆಯನ್ನು ಹೊಡೆದುಹಾಕಿದೆ.